ಅಮೀನಗಡದಲ್ಲಿ ನಾನು ಇಳಿಯಲಿಲ್ಲ

"ಎಂಟುನೂರು ಮೀಟರ್ ಬಂತು, ಮೇಲಿನ ಕೋಣೆಗೆ ಕಳಿಸಿ."

ಕಡಲ ಕಡೆಯ ಈ ಊರಿನ ಹಾಸ್ಟೆಲಿನ ಬಾಗಿಲಲ್ಲಿ ನನ್ನ ಬಗ್ಗೆ ನಾನು ಕೇಳಿದ ಮೊದಲ ಮಾತು ಇದು. ವಾರ್ಡನ್ ಅದನ್ನು ಹೇಳಿದ್ದು ನನಗಲ್ಲ, ಅಡುಗೆಯ ಗಿರಿಜಕ್ಕನಿಗೆ. ಕೈಯಲ್ಲಿ ಟ್ರಂಕು, ಕಂಕುಳಲ್ಲಿ ರೊಟ್ಟಿಯ ಗಂಟು ಹಿಡಿದು ನಿಂತಿದ್ದ ನನಗೆ, ನನ್ನ ಹೆಸರು ಮಾಳವ್ವ ಎಂದು ಹೇಳಲು ನಾಲಿಗೆ ಏಳಲಿಲ್ಲ. ಮೇಲೆ ಹೋದರೆ ಕೋಣೆಯಲ್ಲಿ ಉದ್ದಜಿಗಿತ ಮಲಗಿದ್ದಳು, ಜಾವೆಲಿನ್ ತಲೆ ಬಾಚಿಕೊಳ್ಳುತ್ತಿದ್ದಳು. ಅವರ ನಿಜವಾದ ಹೆಸರು ತಿಳಿಯಲು ನನಗೆ ಒಂದು ವಾರ ಬೇಕಾಯಿತು.

ನಮ್ಮದು ಅಮೀನಗಡದಿಂದ ಸ್ವಲ್ಪ ಒಳಗಿನ ಹಳ್ಳಿ. ಬೀರಪ್ಪ ದೇವರ ಒಕ್ಕಲು, ಮನೆಯಲ್ಲಿ ಕುರಿ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಬಾಗಲಕೋಟೆಯ ಮೈದಾನದಲ್ಲಿ ಓಡಿದ್ದನ್ನು ನೋಡಿದ ಈ ಕಾಲೇಜಿನ ಕೋಚ್ ಮರುದಿನವೇ ಮನೆಗೆ ಬಂದರು. ಆಗ ಅವರಿಗೆ ಯಾವ ಕಟ್ಟುಪಾಡೂ ಇರಲಿಲ್ಲ. ಚಹಾ ಕುಡಿದು, "ನಿಮ್ಮ ಮಗಳನ್ನು ನಮ್ಮ ಕಾಲೇಜು ದತ್ತು ತೆಗೆದುಕೊಳ್ಳುತ್ತದೆ" ಎಂದರು. ಅವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಅತ್ತುಬಿಟ್ಟಳು. "ಹೊಟ್ಟ್ಯಾಗ ಹುಟ್ಟಿದ ಮಗಳ್ನ ದತ್ತಕ ಹೆಂಗ ಕೊಡೂದ್ರಿ? ನಮಗೇನ ಆಕಿ ಭಾರ ಆಗ್ಯಾಳೇನ್ರಿ?" ಎಂದಳು. ಕ್ರೀಡೆಯಲ್ಲಿ ದತ್ತು ಎಂದರೆ ಊಟ, ವಸತಿ, ಓದು ಎಲ್ಲವೂ ಕಾಲೇಜಿನದು, ಹುಡುಗಿ ಆ ಕಾಲೇಜಿನ ಹೆಸರಿನಲ್ಲಿ ಓಡಬೇಕು, ಅಷ್ಟೇ. ಅದನ್ನು ಅವ್ವನಿಗೆ ಬಿಡಿಸಿ ಹೇಳಿದವನು ನನ್ನ ಅಣ್ಣ ಬೀರಪ್ಪ. "ಮಗಳು ನಮ್ಮಾಕಿನ ಬೇ, ಓಟ ಅಷ್ಟ ಅವರದು" ಎಂದ. ಅವ್ವ ಒಪ್ಪಿದಳು.

ಇಲ್ಲಿಯ ಮೊದಲ ತಿಂಗಳುಗಳನ್ನು ನಮ್ಮ ಕಡೆಯವರಿಗೆ ಹೇಗೆ ವಿವರಿಸಲಿ? ನಮ್ಮಲ್ಲಿ ಒಗೆದ ಬಟ್ಟೆ ಹಿಂಡಿ ಹಾಕಿ ತಿರುಗಿ ನೋಡುವಷ್ಟರಲ್ಲಿ ಒಣಗಿರುತ್ತದೆ. ಇಲ್ಲಿ ಆಷಾಢದಲ್ಲಿ ಒದ್ದೆ ಬಟ್ಟೆಯನ್ನೇ ತೊಟ್ಟು ಮೈಶಾಖದಲ್ಲಿ ಒಣಗಿಸಬೇಕು. ಕುಚ್ಚಲಕ್ಕಿ ಅನ್ನ ಗಂಟಲಿಗಿಳಿಯದೆ, ತಂದ ರೊಟ್ಟಿ ಬೂಸ್ಟು ಹಿಡಿದರೂ ಅದರ ಅಂಚು ಮುರಿದು ತಿಂದೆ. "ಹಸಿವಾಗೇತ್ರಿ" ಎಂದರೆ ಹುಡುಗಿಯರು ನಗುತ್ತಿದ್ದರು. ಅವರ ಕನ್ನಡ ನನಗೆ ಪಾಠದ ಪುಸ್ತಕ ಓದಿದಂತೆ ಕೇಳುತ್ತಿತ್ತು. ಅವರವರೊಳಗೆ ತುಳು. ನನ್ನನ್ನು ಘಟ್ಟದವಳು ಎನ್ನುತ್ತಿದ್ದರು, ಘಟ್ಟದ ಮೇಲಿನಿಂದ ಇಳಿದು ಬಂದವಳು ಎಂದು. ನಮ್ಮೂರು ಬಯಲಿನಲ್ಲಿದೆ, ಘಟ್ಟವನ್ನು ನಾನು ಕಂಡದ್ದೇ ಬಸ್ಸಿನ ಕಿಟಕಿಯಿಂದ ಎಂದರೆ ಯಾರೂ ಕೇಳಲಿಲ್ಲ.

ಗಿರಿಜಕ್ಕ ಮಾತ್ರ ದಿನವೂ "ಒಣಸ್ ಆಂಡಾ?" ಎನ್ನುತ್ತಿದ್ದಳು. ಊಟ ಆಯಿತಾ ಎಂದು. ನಾನು ಕಲಿತ ಮೊದಲ ತುಳು ಅದು. ಭಾಷೆ ಪೂರ್ತಿ ಕಲಿತ ಮೇಲೆ ಮೀನಿನ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿದೆ. ಬಂಗುಡೆ ಮಾರುವ ಹೆಂಗಸು ನನ್ನನ್ನು ಪಕ್ಕದ ಊರಿನವಳೆಂದೇ ತಿಳಿದಳು. ಅವತ್ತಿನ ಖುಷಿ ಯಾವ ಪದಕದಿಂದಲೂ ಬರಲಿಲ್ಲ.

ಪದವಿ ಮುಗಿದು, ಓಟ ಮುಗಿದು, ಅದೇ ಕಾಲೇಜಿನಲ್ಲಿ ಹುಡುಗಿಯರ ಕೋಚ್ ಆದೆ. ಅಷ್ಟರಲ್ಲಿ ಇಲ್ಲಿಯವರ ಬಾಯಲ್ಲಿ ಮಾಳವ್ವ ಮಾಲಾ ಆಗಿದ್ದಳು. ಬಾಡಿಗೆ ಕೋಣೆ ಹುಡುಕುವಾಗ ಬಾಗಲಕೋಟೆ ಎಂದೊಡನೆ ಒಬ್ಬ ಯಜಮಾನರು, "ನಿಮ್ಮ ಕಡೆಯವರು ಹತ್ತಿಪ್ಪತ್ತು ಜನ ಬಂದು ಉಳಿಯುವುದಿಲ್ಲವಲ್ಲ?" ಎಂದರು. ಅವರು ಕಂಡ ನಮ್ಮವರೆಲ್ಲ ರಸ್ತೆ ಕೆಲಸದವರು. ಒಂದು ಸಂಜೆ ಅಂಥದೇ ರಸ್ತೆ ಕೆಲಸದಲ್ಲಿ ಜಲ್ಲಿಬುಟ್ಟಿ ಹೊತ್ತ ಹೆಂಗಸಿನ ಮೈಮೇಲೆ ಇಳಕಲ್ ಸೀರೆ ಕಂಡು, "ಯಾವೂರ ಬೇ ನಿಮ್ಮದು?" ಎಂದೆ. "ಹುನಗುಂದದ ಕಡೆ ಯವ್ವಾ. ನೀ ನಮ್ಮಾಕೀನ?" ಎಂದು ಬುಟ್ಟಿ ಇಳಿಸಿ ನನ್ನ ಕೆನ್ನೆ ಸವರಿದಳು.

ಇನ್ನು ನಿಯಮದ ವಿಷಯ. ಓಡುವ ಹುಡುಗಿಯರಿಗಾಗಿ ಕಾಲೇಜುಗಳ ನಡುವೆ ಪೈಪೋಟಿ ಹುಟ್ಟಿ, ಒಂದೇ ಮನೆಯ ಮುಂದೆ ಎರಡು ಕಾಲೇಜಿನ ಗಾಡಿಗಳು ನಿಲ್ಲತೊಡಗಿದವು. ಒಂಬತ್ತನೆಯ ತರಗತಿಯ ಹುಡುಗಿಗೆ ಯಾವನೋ ಕೋಚ್ ದಿನವೂ ಫೋನ್ ಮಾಡುತ್ತಿದ್ದನೆಂಬ ದೂರು ಬಂತು. ಆಗ, ಹಿಂದೆ ನಮ್ಮ ಮನೆಗೆ ಬಂದಿದ್ದ ಆ ಹಿರಿಯ ಕೋಚ್ (ನಮಗೆಲ್ಲ ಅವರು ದೊಡ್ಡ ಸರ್) ನಮ್ಮನ್ನು ಕೂಡಿಸಿ ಕಟ್ಟುಪಾಡು ಮಾಡಿದರು. ಹತ್ತನೆಯ ಪರೀಕ್ಷೆ ಮುಗಿಯುವವರೆಗೆ ಹುಡುಗಿಯ ಮನೆಗೆ ಹೋಗಬಾರದು, ಫೋನ್ ಮಾಡಬಾರದು. ಮೈದಾನದಲ್ಲಿ ಓಟ ನೋಡಬಹುದು, ಮಾತಾಡಬಾರದು. ಅವಳೇ ಎದುರು ಬಂದರೆ ಆರಾಮಾ ಎಂದು ಮುಂದೆ ಸಾಗಬೇಕು. ಬೂಟು, ಬಟ್ಟೆ, ತಿಂಡಿ, ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು. ಬೇರೆ ಕಾಲೇಜು ಸೇರಿದವಳನ್ನು ಆ ಕಾಲೇಜು ಬಿಟ್ಟುಕೊಡುವವರೆಗೆ ಮಾತಾಡಿಸಬಾರದು. ಸಂಬಂಧಿಕರ ಮಕ್ಕಳಿಗೂ ಇದೇ ನಿಯಮ. ಕಡೆಯ ಮಾತನ್ನು ಸೇರಿಸಿದವಳು ನಾನೇ. ಹಳ್ಳಿಯ ಹೆಣ್ಣುಮಕ್ಕಳ ಮನೆಬಾಗಿಲು ಎಷ್ಟು ಸುಲಭವಾಗಿ ತೆರೆಯುತ್ತದೆಂದು ನನಗೆ ಗೊತ್ತಿತ್ತು. ನನ್ನ ಪಾಲಿಗೆ ಬಂದವರು ಒಳ್ಳೆಯವರಾಗಿದ್ದರು. ಎಲ್ಲರ ಪಾಲಿಗೂ ಹಾಗೇ ಆಗಬೇಕೆಂದಿಲ್ಲ. ಈ ಕಟ್ಟುಪಾಡು ನಮ್ಮ ಕಾಲೇಜಿಗಷ್ಟೇ. ಉಳಿದವರು ಮಾಡಿಕೊಳ್ಳಲಿಲ್ಲ.

ಆ ವರ್ಷ ಅಣ್ಣನ ಮಗಳು ರೇಣುಕಾ ಹತ್ತನೆಯ ತರಗತಿ. ಅಣ್ಣ ಅಷ್ಟರಲ್ಲಿ ಅವ್ವನನ್ನೂ ಕರೆದುಕೊಂಡು ಹಳ್ಳಿ ಬಿಟ್ಟು ಅಮೀನಗಡದಲ್ಲಿ ಕರದಂಟಿನ ಅಂಗಡಿಯೊಂದರಲ್ಲಿ ಪಾಕ ತೆಗೆಯುವ ಕೆಲಸದಲ್ಲಿದ್ದ. ಬಾಗಲಕೋಟೆಯ ಶಾಲಾ ಕ್ರೀಡಾಕೂಟಕ್ಕೆ ದೊಡ್ಡ ಸರ್ ಜೊತೆ ಹೋಗಿದ್ದೆ. ಮೈದಾನದ ಆಚೆ ಬದಿಯಿಂದಲೇ ಅವಳು "ಅತ್ತೀ!" ಎಂದು ಕೂಗಿ ಓಡಿ ಬಂದಳು. ಕಾಲಿಗೆ ಯಾರದೋ ದೊಡ್ಡ ಬೂಟು, ಒಳಗೆ ಬಟ್ಟೆ ತುರುಕಿತ್ತು.

"ಅತ್ತಿ, ನೀ ಬರ್ತೀ ಅಂತ ನನಗ ಗೊತ್ತಿತ್ತು. ಎಂಟುನೂರರಾಗ ಹೆಂಗ ಓಡ್ಲಿ? ಮೊದಲ ಜೋರ ತಗೋಳ್ಲೋ, ಕಡೀಗೋ?"

"ಆರಾಮಿದೀಯಾ? ಚಲೋ ಓಡು" ಎಂದು ನಾನು ಬೇರೆ ಕಡೆ ತಿರುಗಿದೆ.

ಅವಳು ಮೊದಲೇ ಜೋರಾಗಿ ಹೊರಟಳು. ಎರಡನೆಯ ಸುತ್ತಿನಲ್ಲಿ ಉಸಿರು ಕಡಿಮೆಯಾದರೂ ಹಲ್ಲು ಕಚ್ಚಿ ಎರಡನೆಯವಳಾಗಿ ಬಂದಳು. ಗೆರೆಯ ಹತ್ತಿರ ಸೊಂಟಕ್ಕೆ ಕೈಯಿಟ್ಟು ಬಗ್ಗಿ ನಿಂತು ನನ್ನನ್ನು ಹುಡುಕಿದಳು. ನಾನು ತಲೆ ತಗ್ಗಿಸಿ ಕೈಯಲ್ಲಿದ್ದ ಗಡಿಯಾರ ನೋಡುತ್ತಿದ್ದೆ. ದೊಡ್ಡ ಸರ್ ಮೆಲ್ಲಗೆ, "ಈ ಹುಡುಗಿಗೆ ಒಳ್ಳೆ ಎದೆಗಾರಿಕೆ ಉಂಟು. ಪರೀಕ್ಷೆ ಮುಗಿಯಲಿ, ಆಯ್ಕೆಗೆ ಕರೆಯುವ" ಎಂದರು. ಅದನ್ನು ಅವಳಿಗೆ ಹೇಳುವ ಹಾಗಿರಲಿಲ್ಲ.

ಮರುದಿನ ಇಳಕಲ್‌ನಲ್ಲಿ ಇನ್ನೊಂದು ಕೂಟ. ಬಸ್ಸು ಅಮೀನಗಡದಲ್ಲಿ ನಿಂತಾಗ ಅಣ್ಣ ಕಿಟಕಿಯ ಕೆಳಗೇ ಕಾದಿದ್ದ. ಅವನ ಅಂಗಿಯಿಂದ ಬೆಲ್ಲ, ತುಪ್ಪದ ವಾಸನೆ ಬರುತ್ತಿತ್ತು.

"ಇಳಿ, ಮಾಳವ್ವ. ನಿಮ್ಮ ಸರ್‌ನೂ ಕರಕೊಂಡು ಬಾ. ರೊಟ್ಟಿ ಮಾಡಿಟ್ಟಾಳ ನಿಮ್ಮ ವೈನಿ."

"ಬರಾಕ ಬರಂಗಿಲ್ಲ ಅಣ್ಣಾ. ರೇಣವ್ವನ ಪರೀಕ್ಷಾ ಮುಗಿಯೂತನಕ ಮನಿಗೆ ಬರಬಾರದಂತ ನಿಯಮ ಐತಿ."

"ತವರಮನಿಗೆ ಬರಾಕೂ ನಿಯಮ ಐತೇನ?"

ಅವನು ಕರದಂಟಿನ ಪೊಟ್ಟಣವನ್ನು ಕಿಟಕಿಗೆ ಚಾಚಿದ. "ಇದು ನಿನಗಲ್ಲ. ನಿಮ್ಮ ಸರ್‌ಗೆ ಕೊಡು. ನಾನ ಮಾಡಿದ್ದು."

"ತಗೊಳ್ಳಾಕ ಬರಂಗಿಲ್ಲ."

ಪಕ್ಕದಲ್ಲಿದ್ದ ದೊಡ್ಡ ಸರ್ ಇನ್ನೊಂದು ಬದಿಗೆ ನೋಡುತ್ತಿದ್ದರು. ನಾನು ತೆಗೆದುಕೊಂಡಿದ್ದರೆ ಬಹುಶಃ ಅವರು ಕಂಡೂ ಕಾಣದಂತಿರುತ್ತಿದ್ದರು. ಬಸ್ಸು ಹೊರಟಿತು. ಅಣ್ಣ ಸ್ವಲ್ಪ ದೂರ ಜೊತೆಗೆ ನಡೆದ. ಆಮೇಲೆ ಪೊಟ್ಟಣವನ್ನು ಎದೆಗೆ ಒತ್ತಿ ಹಿಡಿದು ನಿಂತ. ಆ ಕೂಟದಲ್ಲಿ ಯಾರು ಗೆದ್ದರೆಂದು ನನಗೆ ಈಗ ನೆನಪಿಲ್ಲ.

ಪರೀಕ್ಷೆಗೆ ಇನ್ನೂ ಸಮಯವಿತ್ತು. ಅಷ್ಟರಲ್ಲೇ ಬೇರೊಂದು ಊರಿನ ಕಾಲೇಜಿನವರು ಅಣ್ಣನ ಮನೆಗೆ ಬಂದರು. ಅವನೇ ಫೋನ್ ಮಾಡಿದ.

"ಬಂದ್ರು, ಉಂಡ್ರು. ಹುಡುಗಿಗೆ ಹೊಸಾ ಬೂಟ್ ಕೊಟ್ಟ್ರು. ಅವ್ವನ ಕಾಲಿಗೆ ಬಿದ್ರು."

"ಅಣ್ಣಾ, ತಡಿ. ಪರೀಕ್ಷಾ ಆದಮ್ಯಾಲೆ ಎಲ್ಲಾರ್ನೂ ಕರೀತಾರ, ಆಕೀನೂ ಬರಲಿ. ಆ ಕಾಲೇಜಿನಾಗ ಹುಡುಗ್ಯಾರ್ನ ಭಾಳ ಓಡಸ್ತಾರ. ಕಾಲ ಹೋಗತಾವ."

"ನೀ ತಡಿ ಅಂತಿ. ಅವರು ಬಾ ಅಂತಾರ. ಹುಡುಗಿ ಯಾರ ಮಾತ ಕೇಳತೈತಿ ಹೇಳು" ಎಂದ.

ಪರೀಕ್ಷೆ ಮುಗಿಸಿ ಅವಳು ಅವರ ಕಾಲೇಜಿಗೇ ಹೋದಳು. ಅಲ್ಲಿ ಎಂಟುನೂರರ ಜೊತೆಗೆ ಸಾವಿರದೈನೂರು, ರಿಲೇ, ಮೇಲೆ ಗುಡ್ಡಗಾಡು ಓಟ. ಮೊಣಕಾಲ ಕೆಳಗೆ ನೋವು ಎಂದಾಗ ಸ್ಪ್ರೇ ಹೊಡೆದು ಓಡಿಸಿದರು. ಆ ಸುದ್ದಿ ಅವ್ವನಿಂದ ನನಗೆ ತಿಳಿಯಿತು. ದೊಡ್ಡ ಸರ್ ಹತ್ತಿರ ಹೋಗಿ, "ಅವಳನ್ನು ಇಲ್ಲಿಗೆ ಕರೆಸಿಕೊಳ್ಳೋಣ ಸರ್" ಎಂದೆ.

"ಅವರು ಬಿಟ್ಟುಕೊಡದೆ ನಾವು ಮಾತಾಡಿಸುವ ಹಾಗಿಲ್ಲ, ಮಾಲಾ. ನಿನ್ನ ಅಣ್ಣನ ಮಗಳಿಗೆ ಮಾತ್ರ ಬೇರೆ ನಿಯಮ ಮಾಡಲಾದೀತಾ? ನೀನೇ ಹೇಳು." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. "ಅತ್ತೆಯಾಗಿ ಫೋನ್ ಮಾಡು. ಕಾಲಿನ ಬಗ್ಗೆ ಹೇಳು. ಕಾಲೇಜಿನ ಮಾತು ಎತ್ತಬೇಡ."

ಫೋನ್ ಮಾಡಿದೆ. ಓಡಬೇಡ, ಡಾಕ್ಟರಿಗೆ ತೋರಿಸು ಎಂದೆ. "ಓಡದಿದ್ರ ಮನಿಗೆ ಕಳಸ್ತಾರ ಅತ್ತಿ" ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದಾಗ ಎತ್ತಲಿಲ್ಲ. ಮುಂದಿನ ಕೂಟದಲ್ಲಿ ತಿರುವಿನಲ್ಲೇ ಕುಸಿದಳು. ಬಾಗಲಕೋಟೆಯ ದವಾಖಾನೆಯಲ್ಲಿ ಎಲುಬು ಬಿರಿದಿದೆ ಎಂದರು. ಕಾಲೇಜಿನವರು, ಆರಾಮಾದ ಮೇಲೆ ಬಾ ಎಂದು ಬಸ್ಸು ಹತ್ತಿಸಿ, ಅವಳ ಮಂಚವನ್ನು ಬೇರೊಬ್ಬಳಿಗೆ ಕೊಟ್ಟರು. ಎಲುಬು ಕೂಡಿತು. ಓಟ ಕೂಡಲಿಲ್ಲ.

ಈ ಬೇಸಿಗೆಯಲ್ಲಿ ಅಮೀನಗಡಕ್ಕೆ ಹೋದೆ. ಈಗ ಯಾವ ನಿಯಮವೂ ಅಡ್ಡ ಇರಲಿಲ್ಲ. ರೇಣುಕಾ ಹುನಗುಂದದ ಕಾಲೇಜಿಗೆ ಹೋಗುತ್ತಾಳೆ, ಬಂದು ಅಪ್ಪ ಕೆಲಸ ಮಾಡುವ ಅಂಗಡಿಯಲ್ಲಿ ಕರದಂಟು ಕಟ್ಟುತ್ತಾಳೆ. ನನಗೆ ನೀರು ತಂದುಕೊಟ್ಟು ಎದುರಿಗೆ ಕೂತಳು.

"ಅತ್ತಿ, ಅವತ್ತ ಬಾಗಲಕೋಟ್ಯಾಗ ನೀವು ನನ್ನ ಓಟ ನೋಡೇ ಇಲ್ಲೇನ್ರಿ?"

ನೀ ಎನ್ನುತ್ತಿದ್ದವಳು ನೀವು ಎಂದಳು. ಅಣ್ಣ ಕೇಳಿಸಿಕೊಂಡು ಹೊರಗೆ ಎದ್ದುಹೋದ.

"ನೋಡಿದ್ನಿ. ಮೊದಲಿಂದ ಕಡೀತನಕ ನೋಡಿದ್ನಿ. ಸರ್‌ನೂ ನಿನ್ನ ಆರಿಸಿದ್ರು, ರೇಣವ್ವ. ಹೇಳಾಕ ಬರ್ತಿರಲಿಲ್ಲ."

ಅವಳು ನಾನು ಕುಡಿದಿಟ್ಟ ಲೋಟದ ಅಂಚನ್ನು ಬೆರಳಿನಿಂದ ಉಜ್ಜುತ್ತ ಕೂತಳು. "ನನ್ನ ಓಟ ನಿಮಗ ಚಲೋ ಅನಸಿಲ್ಲಂತ ತಿಳಕೊಂಡಿದ್ನಿ. ಅದಕ್ಕ ಅವರ ಕೂಡ ಹೋದ್ನಿ" ಎಂದಳು. ಹಂಗಿಸಿದ್ದಲ್ಲ. ಆದದ್ದನ್ನು ಹೇಳಿದಳು, ಅಷ್ಟೇ.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಒಂಬತ್ತನೆಯ ತರಗತಿಯ ಮಗಳನ್ನು ಕರೆದುಕೊಂಡು ಬಂದಳು. "ಮೇಡಂ ಬಂದಾರಂತ ಗೊತ್ತಾತ್ರಿ. ಇಕಿ ಭಾಳ ಛಂದ ಓಡತಾಳ್ರಿ" ಎಂದಳು. ನಾನು ಹುಟ್ಟಿದ ಮನೆಯವರ ನಡುವೆ ಮೇಡಂ ಆಗಿ ಕೂತಿದ್ದೆ. ಬಾಯಿ ತೆರೆಯುವ ಮೊದಲೇ ರೇಣುಕಾ ಎದ್ದಳು.

"ಅತ್ತಿ ಈಗ ಮಾತಾಡಂಗಿಲ್ಲ ಕಾಕು. ಹತ್ತನೇತ್ತ ಪರೀಕ್ಷಾ ಆದಮ್ಯಾಲೆ ಕರಕೊಂಡ ಬರ್ರಿ." ಆಮೇಲೆ ಆ ಹುಡುಗಿಯ ಭುಜ ಹಿಡಿದು, "ಅಲ್ಲೀತನಕ ಯಾರು ಬೂಟ್ ಕೊಟ್ರೂ ತಗೋಬ್ಯಾಡ. ಕಾಲ ನೋವಾದ್ರ ಕುಂದ್ರು" ಎಂದಳು.

ನನಗೆ ಅಲ್ಲಿ ಕೂರಲಾಗಲಿಲ್ಲ. ಒಳಗೆ ಹೋಗಿ ಅವ್ವನ ಹತ್ತಿರ ನಿಂತೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಕಡಲ ಊರಿನಲ್ಲಿ ರಜೆ ಬಂದರೆ ನಾನು ಊರಿಗೆ ಹೋಗುತ್ತೇನೆ ಎನ್ನುತ್ತೇನೆ. ಅಮೀನಗಡಕ್ಕೆ ಬಂದು ಎರಡು ದಿನವಾದರೆ ಊರಿಗೆ ಹೋಗಬೇಕು ಎಂಬ ಮಾತು ಬಾಯಿಂದ ಬಂದುಬಿಡುತ್ತದೆ. ಅಣ್ಣ ಅದನ್ನು ಗಮನಿಸಿದ್ದಾನೆ. ಈಗ ತಿದ್ದುವುದಿಲ್ಲ.

ಹೊರಡುವ ದಿನ ರೇಣುಕಾ ಬಸ್ಸಿನವರೆಗೆ ಬರುತ್ತೇನೆಂದಳು. ಅವಳ ಒಂದು ಕಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು, ಅವಳಿಗೆ ಗೊತ್ತಾಗದಂತೆ ನಾನು ನಡಿಗೆ ನಿಧಾನ ಮಾಡಿದೆ. ಅವಳಿಗೆ ಗೊತ್ತಾಯಿತು. "ನೀವು ಮುಂದ ಹೋಗ್ರಿ ಅತ್ತಿ, ಬಸ್ ತಪ್ಪತೈತಿ. ನಾ ಹಿಂದಿಂದ ಬರ್ತೇನಿ" ಎಂದಳು. ಮುಂದೆ ಹೋದೆ. ಬಸ್ಸು ನಿಂತಿತ್ತು. ರೇಣುಕಾ ಇನ್ನೂ ರಸ್ತೆಯ ಆಚೆ ಇದ್ದಳು. ನಡುವೆ ಲಾರಿಗಳು ಹೋಗುತ್ತಲೇ ಇದ್ದವು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು, ಅವಳು ದಾಟಿ ಬರಲೆಂದು ಕಂಬಿ ಹಿಡಿದು ನಿಂತೆ.

ಕಂಡಕ್ಟರ್ ಸೀಟಿ ಊದಿ ನನ್ನ ಕಡೆ ನೋಡಿದ.

"ಯಕ್ಕಾ, ಹತ್ತೂದೋ ಇಳಿಯೂದೋ, ಯಾವದರೆ ಒಂದ ಮಾಡ್ರಿ."