ಬೆನ್ನಟ್ಟುವವರ ಲೆಕ್ಕ

ಎಪ್ಪತ್ತರ ದಶಕದ ಕೊನೆಗೆ ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಪಿಎಚ್.ಡಿ.ಗೆ ಹಿಡಿದಿದ್ದ ವಿಷಯ ಬೆನ್ನಟ್ಟುವಿಕೆ. ಓಡುವವನು ಒಬ್ಬ, ಬೆನ್ನಟ್ಟುವವರು ಹಲವರು, ಎಲ್ಲರ ವೇಗವೂ ಸಮ. ಬೆನ್ನಟ್ಟುವವರನ್ನೆಲ್ಲ ಸುತ್ತುವರಿದು ಒಂದು ಹಗ್ಗ ಬಿಗಿದರೆ ಓಡುವವನು ಅದರೊಳಗೆ ಬೀಳುತ್ತಾನೋ ಇಲ್ಲವೋ, ಅಷ್ಟೇ ಪ್ರಶ್ನೆ. ಒಳಗಿದ್ದರೆ ಸಿಕ್ಕೇ ಸಿಗುತ್ತಾನೆ. ಹೊರಗಿದ್ದರೆ ಅವರಪ್ಪ ಬಂದರೂ ಹಿಡಿಯಲಾಗದು. ಇದನ್ನು ಕಂಡಕಂಡವರಿಗೆಲ್ಲ ವಿವರಿಸುವ ಚಟ ನನಗಿತ್ತು.

ಭಾನುವಾರ ಹಳೇಬೀಡಿನ ಬಸ್ಸು ಹಿಡಿದು ಮಾದಿಹಳ್ಳಿಯ ಅಕ್ಕನ ಮನೆಗೆ ಹೋಗುತ್ತಿದ್ದೆ. ಗಂಡ ಸತ್ತ ಮೇಲೆ ಅವಳ ಜೊತೆಗಿದ್ದದ್ದು ಒಂದು ಕಂದು ನಾಯಿ. ಅದಕ್ಕೆಂದು ಬೇಕರಿಯಿಂದ ಒಂದು ಬನ್ನು ಒಯ್ಯುತ್ತಿದ್ದೆ. ಬಸ್ಸಿನ ಸದ್ದು ಕೇಳಿದರೆ ಸಾಕು, ಅದು ನಿಲ್ಲುವಲ್ಲಿಗೆ ನಾಯಿ ಬಂದು ನಿಂತಿರುತ್ತಿತ್ತು.

ಒಂದು ಭಾನುವಾರ ಇಳಿದಾಗ ನಾಯಿ ಇರಲಿಲ್ಲ. ಅದು ಜೊಲ್ಲು ಸುರಿಸುತ್ತಿದೆ, ಎರಡು ದಿನದಿಂದ ಕೂಳು ಮುಟ್ಟಿಲ್ಲ, ಹುಚ್ಚು ಹಿಡಿದಿದೆ ಎಂದು ಊರಿನವರು ದೊಣ್ಣೆ ಹಿಡಿದು ಗದ್ದೆಬಯಲಿಗೆ ಹೋಗಿದ್ದರು. ಅಕ್ಕ ನನ್ನ ಕೈ ಹಿಡಿದುಕೊಂಡಳು.

“ಹುಚ್ಚಲ್ಲ ಕಣೋ, ಗಂಟ್ಲಲ್ಲಿ ಏನೋ ಸಿಕ್ಕಾಕೊಂಡೈತೆ. ಹತ್ತು ದಿನ ಕಟ್ಟಾಕಿ ನೋಡಾನ ಅಂತ ಹೇಳೋ. ಓದಿದೋನು, ನಿನ್ ಮಾತು ಕೇಳ್ತಾರೆ.”

ಕೇಳುತ್ತಿದ್ದರು. ನಾನು ಹೇಳಿದ್ದೇ ಬೇರೆ.

ಕೊಯ್ಲಾದ ಗದ್ದೆಯಲ್ಲಿ ಜನ ಮೂರು ಕಡೆ ನಿಂತು ಕೆರೆಯ ಕಡೆ ಖಾಲಿ ಬಿಟ್ಟಿದ್ದರು. ಯಾವ ಪ್ರಾಣಿಯನ್ನು ಅಟ್ಟಿದರೂ ಅವರ ರೀತಿ ಹಾಗೆಯೇ. “ಸುತ್ತಾ ಕಟ್ಬಾರ್ದು ಮೇಷ್ಟ್ರೇ, ಒಂದ್ ದಾರಿ ಬಿಡ್ಬೇಕು. ಓಡೋದಾದ್ರೆ ಓಡೋಗ್ಲಿ,” ಎಂದ ಒಬ್ಬ ಮುದುಕ. ನನಗೆ ನಗು ಬಂತು. ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದೆ. ಹಸಿದ ನಾಯಿಯ ವೇಗವೂ ನಿಮ್ಮ ವೇಗವೂ ಒಂದೇ, ಕೆರೆ ಕಡೆ ಮುಚ್ಚಿದರೆ ಮುಗಿಯಿತು ಎಂದೆ. ಅಲ್ಲಿಗೆ ಒಬ್ಬ ಆಳು ಕಡಿಮೆ ಬಿದ್ದ. ನಾನೇ ದೊಣ್ಣೆ ಹಿಡಿದು ಆ ಮೂಲೆಯಲ್ಲಿ ನಿಂತೆ.

ಸುತ್ತು ಕಿರಿದಾಗುತ್ತ ಬಂತು. ಹೇಳಿಕೊಳ್ಳಲು ನಾಚಿಕೆ, ಆದರೆ ನನಗೆ ಖುಷಿಯಾಗಿತ್ತು. ಕಾಗದದ ಮೇಲಿದ್ದದ್ದು ಕಣ್ಣೆದುರು ನಡೆಯುತ್ತಿತ್ತಲ್ಲ. ನಾಯಿ ಆ ಕಡೆ ಈ ಕಡೆ ತಿರುಗಿತು. ನನ್ನನ್ನು ಕಂಡಿತು. ಬಾಲ ಅಲ್ಲಾಡಿಸುತ್ತ ನೇರ ನನ್ನ ಹತ್ತಿರ ಬಂತು. ಓಡಬೇಕಾದವನು ಬೆನ್ನಟ್ಟುವವನ ಕಾಲ ಬುಡಕ್ಕೇ ಬರುವುದು ನನ್ನ ಸಮೀಕರಣದಲ್ಲಿ ಎಲ್ಲೂ ಇರಲಿಲ್ಲ. ಹೆದರಿಬಿಟ್ಟೆ. ಮೊದಲ ಏಟು ನನ್ನದು. ಉಳಿದವರು ಮುಗಿಸಿದರು.

ಅಕ್ಕ ಬಂದಳು. ಎಲ್ಲರೂ ಬೇಡ ಬೇಡವೆನ್ನುತ್ತಿದ್ದಂತೆ ಅದರ ಬಾಯಿ ಅಗಲಿಸಿ, ಬೆರಳು ಹಾಕಿ, ಗಂಟಲಿನಿಂದ ಮೂಳೆಯ ಚೂರೊಂದನ್ನು ಎಳೆದು ತೆಗೆದಳು. ಅದನ್ನು ನನ್ನ ಅಂಗೈಯಲ್ಲಿಟ್ಟು ಮನೆಗೆ ಹೋದಳು.

ಪಿಎಚ್.ಡಿ. ಬಂತು. ಅಕ್ಕ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಪ್ರತಿ ಭಾನುವಾರ ಬಸ್ಸು ನಿಲ್ಲುವಲ್ಲಿಗೆ ತಾನೇ ಬಂದು ನಿಂತಿರುತ್ತಿದ್ದಳು. ನಾನು ಇಳಿಯುತ್ತಲೇ ಕೈ ಚಾಚುತ್ತಿದ್ದಳು.

“ಬನ್ನು ತಂದ್ಯೇನೋ?”