ಇನ್ನೂ ಬರದ ಡಿಸೆಂಬರ್

ಜಿಗಣಿಯ ಒಂದು ವರ್ಕ್‌ಶಾಪಿನಲ್ಲಿ ನಾನು ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್ ಓಡಿಸುತ್ತೇನೆ. ಹತ್ತನೇ ಕ್ಲಾಸು ಫೇಲ್. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಜನವರಿಯಲ್ಲಿ ಇನ್ನೂರು ಪೀಸು ರಿಜೆಕ್ಟ್ ಆದಾಗ ಸೂಪರ್‌ವೈಸರ್ ಮೊದಲು ಎತ್ತಿದ್ದೂ ಅದನ್ನೇ.

"ಓದ್ದೇ ಇರೋನ ಕೈಗೆ ಮೆಷಿನ್ ಕೊಟ್ರೆ ಇನ್ನೇನಾಗುತ್ತೆ? ಹಳೇ ಡ್ರಾಯಿಂಗ್ ಹಾಕ್ಕೊಂಡು ಕೊರೆದಿದೀಯಲ್ಲೋ!"

ಗಿರಾಕಿ ಕಂಪನಿಯವರು ತೂತಿನ ಜಾಗವನ್ನು ಎರಡು ಮಿಲಿಮೀಟರ್ ಸರಿಸಿ ಹೊಸ ಡ್ರಾಯಿಂಗ್ ಕಳಿಸಿದ್ದರಂತೆ. ನಾನು ಕೊರೆದದ್ದು ಹಳೆಯ ಜಾಗದಲ್ಲಿ. ಸೂಪರ್‌ವೈಸರ್ ಒಂದು ಪತ್ರ ಟೈಪ್ ಮಾಡಿಸಿ ಮುಂದಿಟ್ಟರು. ‘ನನ್ನ ಅಜಾಗರೂಕತೆಯಿಂದ ಆಗಿದೆ’ ಎಂದಿತ್ತು. ಅಂಥ ಪತ್ರಕ್ಕೆ ಆಗಲೇ ಎರಡು ಸಲ ಸಹಿ ಹಾಕಿದ್ದೆ. ಮೂರನೆಯದಕ್ಕೂ ಹಾಕಿದರೆ ಗೇಟಿನ ಹೊರಗೆ.

ಡ್ರಾಯಿಂಗ್ ಆರಿಸುವುದು ನಾನಲ್ಲ. ಗಿರಾಕಿಯವರು ಫೈಲುಗಳನ್ನು ತಮ್ಮ ಎಫ್‌ಟಿಪಿ ಸರ್ವರಿನಲ್ಲಿ, ಅಂದರೆ ಫೈಲು ಹಂಚುವ ಕಂಪ್ಯೂಟರಿನಲ್ಲಿ, ಇಡುತ್ತಾರೆ. ನಮ್ಮ ಸಾಫ್ಟ್‌ವೇರ್ ಅಲ್ಲಿನ ಪಟ್ಟಿ ನೋಡಿ, ಯಾವುದರ ತಾರೀಕು ಎಲ್ಲಕ್ಕಿಂತ ಈಚಿನದೋ ಅದನ್ನು ತಂದು, ಆ ತಾರೀಕನ್ನು ಜಾಬ್ ಕಾರ್ಡಿನ ಮೇಲೆ ಪ್ರಿಂಟ್ ಮಾಡುತ್ತದೆ. ನಾವು ಕೆಳಗೆ ಸಹಿ ಗೀಚಿ ಮೆಷಿನ್ ಆನ್ ಮಾಡುತ್ತೇವೆ.

ಹೋಗಿ ಆ ಇನ್ನೂರು ಪೀಸಿನ ಜಾಬ್ ಕಾರ್ಡ್ ತಂದೆ. ಡಿಸೆಂಬರ್ ಇಪ್ಪತ್ತೆಂಟು ಎಂದಿತ್ತು. ಇಸವಿ ಮಾತ್ರ ಆಗಷ್ಟೇ ಶುರುವಾದ ವರ್ಷದ್ದು.

"ಸಾರ್, ಈ ಡಿಸೆಂಬರ್ ಬರೋಕೆ ಇನ್ನೂ ಹನ್ನೊಂದು ತಿಂಗಳು ಬೇಕು. ಕೆಳಗೆ ಸಹಿ ಯಾರ್ಯಾರ್ದು ನೋಡಿ."

ಮೂರು ಸಹಿ ಇದ್ದವು. ನನ್ನದು, ಇನ್ಸ್‌ಪೆಕ್ಷನ್‌ನವರದು, ಸೂಪರ್‌ವೈಸರದ್ದೇ ಒಂದು. ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ, ಸುಳ್ಳೇಕೆ.

ಮಾರನೆಯ ದಿನ ಸಾಫ್ಟ್‌ವೇರ್ ಬರೆದವನು ಕುಂದಲಹಳ್ಳಿಯಿಂದ ಬಂದ. ಹತ್ತು ನಿಮಿಷ ಟ್ರಾಫಿಕ್ಕಿಗೆ ಬೈದ. ಆಮೇಲೆ ನನ್ನ ಕಡೆ ತಿರುಗಿದ.

"ನಮ್ ಕೋಡ್ ಮಾರ್ಚಿಂದ ಓಡ್ತಿದೆ ಗುರು. ಪ್ರಾಬ್ಲಂ ನಿಮ್ ಸೈಡೇ ಇರ್ಬೇಕು."

"ಸರ್ವರ್ ಕೊಡೋ ಪಟ್ಟಿ ತೋರ್ಸಿ."

ಮುಖ ಸಿಂಡರಿಸಿಕೊಂಡೇ ತೆರೆದ. ಈಚಿನ ಆರು ತಿಂಗಳ ಫೈಲುಗಳಿಗೆ ತಿಂಗಳು, ದಿನ, ಗಂಟೆ ಇತ್ತು. ಇಸವಿ ಇರಲಿಲ್ಲ. ಅದಕ್ಕಿಂತ ಹಳೆಯವಕ್ಕೆ ಇಸವಿ ಇತ್ತು, ಗಂಟೆ ಇರಲಿಲ್ಲ.

"ಹಂಗಾದ್ರೆ ಕಾರ್ಡಿಗೆ ಇಸವಿ ಎಲ್ಲಿಂದ ಬಂತು?"

"ಅದು... ಇಲ್ದೇ ಇದ್ರೆ ಈ ವರ್ಷದ್ದು ಅಂತ ನಾವೇ ಸೇರಿಸ್ತೀವಿ."

ಹೀಗೆ, ಕಳೆದ ಡಿಸೆಂಬರಿನ ಡ್ರಾಯಿಂಗನ್ನು ಮುಂದಿನ ಡಿಸೆಂಬರಿನದು ಮಾಡಿದ್ದರು. ಜನವರಿಯಲ್ಲಿ ಬಂದ ಹೊಸ ಡ್ರಾಯಿಂಗು ಅದರ ಮುಂದೆ ಹಳೆಯದಾಗಿ ಬಿದ್ದಿತ್ತು.

"ಸಿಂಪಲ್ ಬಿಡು. ತಾರೀಕು ನಾಳೆಗಿಂತ ಮುಂದಿದ್ರೆ ಒಂದು ವರ್ಷ ಕಳೆದ್ರಾಯ್ತು" ಎಂದ.

"ಹಳೇವಕ್ಕೆ ಗಂಟೆನೇ ಇಲ್ವಲ್ಲಣ್ಣ. ಒಂದೇ ದಿನ ಎರಡು ಬಂದಿದ್ರೆ ಯಾವ್ದು ತರ್ತೀರ? ಊಹೆ ಯಾಕೆ, ಸರ್ವರ್‌ನೇ ಕೇಳೋಕಾಗಲ್ವಾ?"

ಆಗುತ್ತಿತ್ತು. ಒಂದೊಂದು ಫೈಲಿಗೂ ಎಂಡಿಟಿಎಂ ಎಂಬ ಕಮಾಂಡ್ ಕಳಿಸಿದರೆ ಸರ್ವರ್ ಹದಿನಾಲ್ಕು ಅಂಕಿಗಳಲ್ಲಿ ಇಸವಿಯಿಂದ ಸೆಕೆಂಡಿನವರೆಗೆ ಪೂರ್ತಿ ಹೇಳುತ್ತದೆ. ಅವನಿಗೆ ಗೊತ್ತಿತ್ತು.

"ಸ್ಲೋ ಆಗುತ್ತೆ ಅಂತ ಬಿಟ್ಟಿದ್ವಿ."

"ಎಷ್ಟು ಸ್ಲೋ?"

"ಒಂದೆರಡು ಸೆಕೆಂಡು."

ಒಂದೆರಡು ಸೆಕೆಂಡು ಉಳಿಸಲು ಹೋಗಿ ನನ್ನ ಕೆಲಸ ಕಳೆಯುತ್ತಿದ್ದರು. ಅವನು ಅಲ್ಲೇ ಕೂತು ಕೋಡ್ ತಿದ್ದಿದ. ಓಡಿಸಿದಾಗ ಜನವರಿಯ ಡ್ರಾಯಿಂಗೇ ಬಂತು. ರಿಪೋರ್ಟಿನಲ್ಲಿ ‘ತಾಂತ್ರಿಕ ತೊಂದರೆ’ ಎಂದು ಬರೆದ.

"ಅದು ಅಳಿಸಿ. ಕೋಡಿನ ತಪ್ಪು ಅಂತ ಬರೀರಿ."

"ಎರಡೂ ಒಂದೇ ಕಣೋ."

"ಒಂದೇ ಆದ್ರೆ ನಾನು ಹೇಳಿದ್ದೇ ಬರೀರಿ."

ಬರೆದ. ಸಾರಿ ಅನ್ನಲಿಲ್ಲ. ಸೂಪರ್‌ವೈಸರ್ ನಾನು ಸಹಿ ಹಾಕದ ಆ ಪತ್ರವನ್ನು ಮೆಲ್ಲಗೆ ಡ್ರಾಯರಿಗೆ ಸರಿಸುತ್ತಿದ್ದರು.

"ಇರ್ಲಿ ಬಿಡೋ, ಫೈಲಲ್ಲಿರುತ್ತೆ."

ಕೈ ಹಾಕಿ ಎಳೆದುಕೊಂಡೆ. ನಾಲ್ಕು ಚೂರು ಮಾಡಿ ಕಸದ ಡಬ್ಬಕ್ಕೆ ಹಾಕಿ ಮೆಷಿನ್ ಹತ್ತಿರ ಹೋದೆ. ಹಿಂದಿನಿಂದ ಬೈಯುತ್ತಲೇ ಇದ್ದರು. ಬೈಗುಳಕ್ಕೆ ಕೆಲಸ ಹೋಗುವುದಿಲ್ಲ.