ಎರಡು ಎತ್ತರದ ಗಾಳಿ

ವೈಶಾಖದ ಒಂದು ಸೋಮವಾರ ಮಧ್ಯಾಹ್ನ ನಾರ್ವದ ಹತ್ತಿರದ ನಮ್ಮೂರಿನಲ್ಲಿ ಕುಂಬಾರರ ಓಣಿ ಸುಟ್ಟುಹೋಯಿತು. ಒಬ್ಬ ಹೆಣ್ಣುಮಗಳು ಸತ್ತಳು. ಆಗ ನಿಜಾಮರ ಆಡಳಿತ. ಮೊನ್ನೆ ಕಂಬಳಿಯ ಅಂಚಿಗೆ ಕೆಂಡ ತಗುಲಿ ಸುಟ್ಟ ಉಣ್ಣೆಯ ವಾಸನೆ ಎದ್ದಾಗ ನೆರೆಮನೆಯ ಕುರಿಗಾರ ತಾತ ನೆನಪಾದರು...

ತಾತನ ಹಟ್ಟಿಯ ಮುಂದೆ ಉದ್ದನೆಯ ಬಿದಿರು ಗಳ ನೆಟ್ಟಿತ್ತು. ತುದಿಯಲ್ಲೊಂದು, ಆಳೆತ್ತರದಲ್ಲೊಂದು ಉಣ್ಣೆಯ ಎಳೆ. ಎರಡೂ ಒಂದೇ ಕಡೆ ಹಾರಿದರೆ ಭಯವಿಲ್ಲ. ಮೇಲಿನದು ಒಂದು ಕಡೆ, ಕೆಳಗಿನದು ಎದುರು ಕಡೆ ಎಳೆದರೆ ಮಧ್ಯಾಹ್ನದೊಳಗೆ ಸುಂಟರಗಾಳಿ. ಅವರನ್ನು ಕೇಳದೆ ಕುಂಬಾರರು ಮಡಕೆ ಸುಡುವ ಆವಿಗೆಗೆ ಬೆಂಕಿ ಇಡುತ್ತಿರಲಿಲ್ಲ. ಆ ಓಣಿಗೆಲ್ಲ ಹುಲ್ಲಿನ ಚಾವಣಿ.

"ಗಾಳೀನೂ ನಿಮ್ಮ ಟಗರಿನಂಗ ಹೇಳಿದ ಮಾತು ಕೇಳತೈತೇನ್ರಿ, ತಾತಾ?" ಎಂದು ಹಿರಿಯ ಕುಂಬಾರ ಕೆಣಕುತ್ತಿದ್ದ.

"ಟಗರು ಎಲ್ಲಿ ಕೇಳತೈತಪಾ. ಗಾಳೀನ ವಾಸಿ."

ಆ ಸೋಮವಾರ ನಸುಕಿನಲ್ಲಿ, ಉಣ್ಣೆ ಕತ್ತರಿಸಲೆಂದು ಕುರಿಗಳನ್ನು ಹಳ್ಳದಲ್ಲಿ ತೊಳೆದಿದ್ದರು. ಕೆಳಗಿನ ಎಳೆ ಸವೆದಿತ್ತು. ತಾತ ಒಂದು ಕುರಿಯ ಮೈಯಿಂದಲೇ ಹೊಸ ಉಣ್ಣೆ ಕತ್ತರಿಸಿ ಕಟ್ಟಿದರು. ಅದು ಅಲುಗಲಿಲ್ಲ. ಮೇಲಿನದು ಹಗುರವಾಗಿ ಪಡುವಣಕ್ಕೆ ಹಾರುತ್ತಿತ್ತು.

"ಕೆಳಗ ಗಾಳಿ ಇಲ್ಲ. ಇಡ್ರಿ ಬೆಂಕಿ" ಎಂದರು.

ಮಧ್ಯಾಹ್ನ ನಾನು ನಮ್ಮ ಮಾಳಿಗೆಯ ಮೇಲಿದ್ದೆ. ಬಯಲಿನಿಂದ ಕೆಂಪು ಧೂಳು ತಿರುಗುತ್ತ ಬಂದು ಆವಿಗೆಯನ್ನು ಹೊಕ್ಕಿತು. ಹೊರಬಂದದ್ದು ಬೆಂಕಿಯ ಕಂಬ. ಚಾವಣಿಯಿಂದ ಚಾವಣಿಗೆ ದಾಟಿತು. ಹಿರಿಯ ಕುಂಬಾರನ ಸೊಸೆ ಹಸುಗೂಸನ್ನು ಬಾಗಿಲಾಚೆ ಎಸೆದಳು, ತಾನು ಬರಲಿಲ್ಲ... ಕೂಸು ಉಳಿಯಿತು.

ಸಂಜೆ ತಾತನನ್ನು ಬೇವಿನ ಮರಕ್ಕೆ ಕಟ್ಟಿದರು. ಹಿರಿಯ ಕುಂಬಾರನ ಕೈಯಲ್ಲಿ ಆವಿಗೆ ಕೆದಕುವ ಕೋಲಿತ್ತು. ಮೊದಲ ಏಟಿಗೇ ಎರಡು ಹಲ್ಲು ಬಿದ್ದವು. ಪೊಲೀಸ್ ಪಟೇಲ ಅಡ್ಡ ಬಂದ.

"ಮಾರೆಮ್ಮನ ಮುನಿಸು ಅನ್ನು, ಮುದುಕಾ. ಬಿಟ್ಟುಬಿಡ್ತಾರ. ಜೀವ ಉಳೀತೈತಿ."

ತಾತ ರಕ್ತ ಉಗುಳಿದರು. "ಮಾರೆಮ್ಮ ಏನ್ ಮಾಡ್ಯಾಳ್ರಿ? ಉಣ್ಣಿ ಹಸಿ ಇತ್ತು. ಅದಕ್ಕ ಹಾರಲಿಲ್ಲ. ಮುಟ್ಟಿ ನೋಡಬೇಕಿತ್ತು, ನೋಡಲಿಲ್ಲ. ನಂದ ತಪ್ಪು."

ಗುಂಪು ಮುಗಿಬಿತ್ತು. ಬಲಗೈ ಮೊಣಕೈಯಲ್ಲಿ ಮುರಿಯಿತು. ಎಡಗಣ್ಣು ಹೋಯಿತು. ಜನ ನಿಂತದ್ದು ಕುಂಬಾರ ಕೋಲು ಬಿಸಾಕಿ ಹಗ್ಗ ಬಿಚ್ಚತೊಡಗಿದಾಗ.

ಪಂಚನಾಮೆಯಲ್ಲಿ ಆಕಸ್ಮಿಕ ಬೆಂಕಿ ಎಂದು ಬರೆದರು. ಹೊಡೆತದ ಪ್ರಸ್ತಾಪ ಅದರಲ್ಲಿಲ್ಲ. ಗಾಯ ಮಾಯುವ ಮೊದಲೇ ತಾತ ಕುರಿ ಹೊಡೆದುಕೊಂಡು ರಾಜೋಳಿಯ ಕಡೆ ಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ... ಕೆಲವು ವರ್ಷಗಳ ಮೇಲೆ ಅಲ್ಲಿಯೇ ತೀರಿಕೊಂಡರಂತೆ.

ಆ ಕೂಸಿಗೆ ಈಗ ಮೊಮ್ಮಕ್ಕಳಿದ್ದಾರೆ. ಕಳೆದ ತಿಂಗಳು ಮಕ್ತಲ್‌ನಲ್ಲಿ ಸಿಕ್ಕಿದ್ದಳು. ತಾತ ತೀರಿದಾಗ ಅವರ ಮಣ್ಣಿಗೆ ತನ್ನಜ್ಜ, ಆ ಹಿರಿಯ ಕುಂಬಾರ, ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ರಾಜೋಳಿಯವರೆಗೆ ನಡೆದಿದ್ದನೆಂದು ಹೇಳಿದಳು.